ನೀಲಕಂಠದ ಕತ್ತು ನೀಲಿ ಯಾಕಿಲ್ಲ?

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ರಾಜ್ಯಪಕ್ಷಿ ನೀಲಕಂಠದ ಬಗ್ಗೆ ಮಕ್ಕಳ ಜೊತೆ ಒಂದು ಚಾರ್ಟ್ ಮಾಡುತ್ತಿದ್ದೇನೆ. ಶಾಲೆಯ ಹಿಂದಿನ ತೊಗರಿ ಹೊಲದ ತಂತಿ ಮೇಲೆ ಈ ಹಕ್ಕಿ ದಿನಾ ಕೂತಿರುತ್ತದೆ. ಆರನೇ ಕ್ಲಾಸಿನ ಹುಡುಗನೊಬ್ಬ ನೋಡಿ ಬಂದು, “ಟೀಚರ್, ಅದರ ಕತ್ತು ನೀಲಿನೇ ಇಲ್ಲ, ಒಂಥರಾ ಕಂದು” ಅಂದ. ನಾನೂ ಹೋಗಿ ನೋಡಿದೆ, ಅವನು ಹೇಳಿದ್ದು ನಿಜ. ಹಾಗಾದರೆ ಆ ಹೆಸರು ಹೇಗೆ ಬಂತು? ಶಿವ ವಿಷ ಕುಡಿದ ಕತೆಗೂ ಇದಕ್ಕೂ ಏನು ಸಂಬಂಧ? ಅಥವಾ ನಾವೇ ಬೇರೆ ಹಕ್ಕಿಯನ್ನು ನೀಲಕಂಠ ಅಂದುಕೊಂಡಿದ್ದೇವಾ? ಹಳೇ ಪುಸ್ತಕವೊಂದರಲ್ಲಿ ಇದನ್ನೇ ‘ಬ್ಲೂ ಜೇ’ ಎಂದು ಬರೆದಿದ್ದಾರೆ. ಚಾರ್ಟ್ ಮೇಲೆ ಯಾವ ಹೆಸರು ಹಾಕಲಿ? ಇನ್ನೊಂದು ವಿಷಯ. ನಮ್ಮ ಅತ್ತೆಯವರು ತೆಲಂಗಾಣದ ಕಡೆಯವರು. ದಸರಾ ದಿನ ಈ ಹಕ್ಕಿ ಕಂಡರೆ ವರ್ಷವೆಲ್ಲ ಒಳ್ಳೆಯದಾಗುತ್ತದೆ ಅಂತ ಅವರ ನಂಬಿಕೆ. ಹೋದ ವರ್ಷ ಒಬ್ಬ ಪಂಜರದಲ್ಲಿ ಹಕ್ಕಿ ಹಿಡಿದುಕೊಂಡು ಮನೆ ಮುಂದೆ ಬಂದ. ಅತ್ತೆ ದುಡ್ಡು ಕೊಟ್ಟು ನೋಡಿದರು. ನನಗೆ ಮನಸ್ಸಿಗೆ ಬರಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ಈ ಸಲ ಬಂದರೆ ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ದೊಡ್ಡ ಅನುಮಾನ ಬಗೆಹರಿಸೋಣ. ನೀವು ನೋಡಿದ್ದು ನೀಲಕಂಠವೇ. ಹಕ್ಕಿ ತಪ್ಪಿಲ್ಲ, ಹುಡುಗನ ಕಣ್ಣೂ ತಪ್ಪಿಲ್ಲ. ಹಕ್ಕಿ ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋದಾಗೆಲ್ಲ ನನಗೆ ಇದೇ ಪ್ರಶ್ನೆ ಬರುತ್ತದೆ. ದೊಡ್ಡವರಿಂದ ಬರುವುದು ತೀರ ಕಡಿಮೆ. ಹೆಸರು ಗೊತ್ತಿದ್ದವರು ಹೆಸರನ್ನೇ ನೋಡುತ್ತಾರೆ, ಹಕ್ಕಿಯನ್ನು ನೋಡುವುದಿಲ್ಲ.

ಈ ಹಕ್ಕಿ ಕೂತಾಗ ಒಮ್ಮೆ ನಿಧಾನವಾಗಿ ಗಮನಿಸಿ. ಉದ್ದ 30ರಿಂದ 34 ಸೆಂಟಿಮೀಟರ್. ತಲೆ ದಪ್ಪ, ಕತ್ತು ಗಿಡ್ಡ, ಕೊಕ್ಕು ಕಪ್ಪು. ನೆತ್ತಿ ಮೇಲೆ ನೀಲಿಯೂ ಹಸಿರೂ ಬೆರೆತ ಬಣ್ಣ. ಬೆನ್ನು ಮಂಕು ಕಂದು. ಗಂಟಲು ಮತ್ತು ಎದೆ ಸ್ವಲ್ಪ ನೇರಳೆ ಬೆರೆತ ಕಂದು, ಅದರ ಮೇಲೆ ಸಣ್ಣ ಸಣ್ಣ ಬಿಳಿ ಗೀಟುಗಳು. ಹೊಟ್ಟೆಯ ಕೆಳಭಾಗಕ್ಕೆ ಬಂದರೆ ತಿಳಿ ನೀಲಿ. ರೆಕ್ಕೆ ಮಡಚಿ ಕೂತಿದ್ದರೆ ಅಷ್ಟೇನೂ ಕಣ್ಣಿಗೆ ಬೀಳದ ಹಕ್ಕಿ ಇದು. ಹೊಲದಲ್ಲಿ ಒಂದು ಮಿಡತೆ ಅಲ್ಲಾಡಿತೋ, ತಂತಿಯಿಂದ ಜಾರಿದ ಹಾಗೆ ಕೆಳಗಿಳಿಯುತ್ತದೆ. ಆಗ ನೋಡಬೇಕು. ರೆಕ್ಕೆಯಲ್ಲಿ ಕಡು ನೀಲಿ ಪಟ್ಟೆ, ಪಕ್ಕದಲ್ಲೇ ತಿಳಿ ನೀಲಿ ಪಟ್ಟೆ, ಬಾಲದಲ್ಲೂ ಅದೇ ಎರಡು ನೀಲಿ. ಇದರ ಹೊಳೆಯುವ ನೀಲಿಯೆಲ್ಲ ರೆಕ್ಕೆ, ಬಾಲದಲ್ಲಿದೆ. ಗಂಟಲಲ್ಲಿ ಇಲ್ಲವೇ ಇಲ್ಲ.

ಆ ನೀಲಿ ಬಗ್ಗೆಯೂ ಮಕ್ಕಳಿಗೆ ಹೇಳಿ, ಅವರಿಗೆ ಇಷ್ಟವಾಗುತ್ತದೆ. ಈ ಹಕ್ಕಿಯ ಗರಿಯಲ್ಲಿ ನೀಲಿ ಬಣ್ಣದ ಪದಾರ್ಥ ಅನ್ನುವುದೇ ಇಲ್ಲ. ಗರಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ರಂಧ್ರಗಳಿವೆ. ಬಿಸಿಲು ಅವುಗಳಿಗೆ ಬಡಿದಾಗ ನೀಲಿ ಬೆಳಕು ಮಾತ್ರ ಚೆನ್ನಾಗಿ ಹೊರಗೆ ಚದುರುತ್ತದೆ. ಕೆಳಗಿರುವ ಕಪ್ಪು ಪದರ ಉಳಿದ ಬೆಳಕನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಮೋಡ ಕವಿದ ದಿನ ಇದೇ ಹಕ್ಕಿ ಮಂಕಾಗಿ ಕಾಣುತ್ತದೆ, ಬಿಸಿಲಿಗೆ ಬಂದರೆ ಹೊಳೆಯುತ್ತದೆ.

ಈಗ ಹೆಸರಿಗೆ ಬರೋಣ. ನೀಲ ಅಂದರೆ ನೀಲಿ, ಕಂಠ ಅಂದರೆ ಕೊರಳು. ಅರ್ಥದಲ್ಲಿ ಗೊಂದಲವೇನಿಲ್ಲ. ಆ ಪದ ಮೊದಲು ಯಾವ ಹಕ್ಕಿಯದಾಗಿತ್ತು ಅನ್ನುವಲ್ಲಿ ಗುಟ್ಟಿದೆ. ಹಳೆಯ ಸಂಸ್ಕೃತ ನಿಘಂಟು ಅಮರಕೋಶ ತೆಗೆದು ನೋಡಿದರೆ ನೀಲಕಂಠ ಅನ್ನುವ ಪದ ನವಿಲಿನ ಹೆಸರುಗಳ ಸಾಲಿನಲ್ಲಿದೆ. ಮಯೂರ, ಬರ್ಹಿ, ನೀಲಕಂಠ, ಭುಜಂಗಭುಕ್ ಎಂದು ಒಂದರ ಹಿಂದೆ ಒಂದು ಬರುತ್ತವೆ. ನವಿಲಿಗೆ ಆ ಹೆಸರು ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಅದರ ಕೊರಳಿಗಿಂತ ನೀಲಿ ಕೊರಳು ನಮ್ಮ ನಾಡಿನಲ್ಲಿ ಇನ್ಯಾವ ದೊಡ್ಡ ಹಕ್ಕಿಗಿದೆ?

ಹಾಗಾದರೆ ನಿಮ್ಮ ಹೊಲದ ಹಕ್ಕಿಗೆ ಅಮರಕೋಶ ಏನು ಹೆಸರು ಕೊಟ್ಟಿದೆ? ಚಾಷ ಮತ್ತು ಕಿಕೀದಿವಿ. ಈ ಎರಡೂ ಬಹಳ ಹಳೆಯ ಹೆಸರುಗಳು. ಋಗ್ವೇದದ ಹತ್ತನೇ ಮಂಡಲದ 97ನೇ ಸೂಕ್ತ ಗಿಡಮೂಲಿಕೆಗಳ ಬಗ್ಗೆ ಇದೆ. ಅದರಲ್ಲಿ ಒಂದು ಕಡೆ ರೋಗಕ್ಕೇ ನೇರವಾಗಿ ಹೇಳುತ್ತಾರೆ: ಚಾಷದ ಜೊತೆ, ಕಿಕೀದಿವಿಯ ಜೊತೆ ಹಾರಿ ಹೋಗು ಎಂದು. ಕಿಕೀದಿವಿ ಅನ್ನುವುದು ಹಕ್ಕಿಯ ಕೂಗು ಕೇಳಿ ಕಟ್ಟಿದ ಪದ. ಕಾಗೆ ಕಾ ಕಾ ಅನ್ನುವುದರಿಂದ ಕಾಕ ಆಯಿತಲ್ಲ, ಅದೇ ದಾರಿ. ಈ ಹಕ್ಕಿ ಗಲಾಟೆಗೆ ಹೆಸರುವಾಸಿ, ಅದರಲ್ಲೂ ಗೂಡು ಕಟ್ಟುವ ಕಾಲದಲ್ಲಿ. ಕಿವಿಗೆ ಬಿದ್ದದ್ದನ್ನೇ ಆ ಕಾಲದ ಜನ ಹೆಸರಾಗಿ ಇಟ್ಟರು. ಗಂಟಲಿನ ಬಣ್ಣದ ಗೋಜಿಗೆ ಹೋಗಲಿಲ್ಲ.

ಶುಭಶಕುನದ ನಂಬಿಕೆಯೂ ಚಾಷ ಅನ್ನುವ ಹೆಸರಿನ ಜೊತೆಗೇ ಬಂದದ್ದು. ತುಲಸೀದಾಸರ ರಾಮಚರಿತಮಾನಸದಲ್ಲಿ ರಾಮನ ಮದುವೆಗೆ ದಿಬ್ಬಣ ಹೊರಡುವಾಗ ಒಳ್ಳೆಯ ಶಕುನಗಳನ್ನು ವರ್ಣಿಸುತ್ತಾರೆ. ಎಡಗಡೆ ಮೇವು ಹೆಕ್ಕುತ್ತಿರುವ ಚಾಷ ಅದರಲ್ಲಿ ಬರುತ್ತದೆ. ನೀಲಕಂಠ ಎಂಬ ಪದ ಅಲ್ಲಿಲ್ಲ, ಚಾಷ ಎಂದೇ ಇದೆ. ಅಂದರೆ ಈ ಹಕ್ಕಿ ಶುಭ ಅನ್ನಿಸಿಕೊಳ್ಳಲು ಶಿವನ ಹೆಸರು ಬೇಕಾಗಿರಲಿಲ್ಲ. ಮೊದಲೇ ಅದು ಮಂಗಳದ ಹಕ್ಕಿ.

ಶಿವನ ಕತೆ ನಿಮಗೆ ಗೊತ್ತೇ ಇದೆ. ಸಮುದ್ರ ಕಡೆದಾಗ ಹಾಲಾಹಲ ಬಂತು, ಶಿವ ಕುಡಿದ, ವಿಷ ಗಂಟಲಲ್ಲೇ ನಿಂತಿತು, ಕೊರಳು ನೀಲಿಯಾಯಿತು. ಹೀಗೆ ನೀಲಕಂಠ ಶಿವನ ಹೆಸರಾಯಿತು. ಒಂದು ಕಡೆ ಶುಭ ತರುವ, ಹಾರಿದಾಗ ನೀಲಿ ಹೊಳೆಯುವ ಹಕ್ಕಿ. ಇನ್ನೊಂದು ಕಡೆ ನೀಲಿ ಕೊರಳಿನ ದೇವರು. ಜನರ ಮನಸ್ಸಿನಲ್ಲಿ ಎರಡೂ ಒಂದಾದವು. ಬಂಗಾಳದಲ್ಲಿ ದುರ್ಗಾಪೂಜೆಯ ದಶಮಿಯಂದು ಈ ಹಕ್ಕಿಯನ್ನು ಹಾರಿಬಿಡುವ ಪದ್ಧತಿ ಹಳೆಯ ಜಮೀನ್ದಾರಿ ಮನೆಗಳಲ್ಲಿತ್ತು. ದುರ್ಗೆ ವಾಪಸ್ ಬರುತ್ತಿದ್ದಾಳೆ ಎಂದು ಕೈಲಾಸದ ಶಿವನಿಗೆ ಅದು ಸುದ್ದಿ ಮುಟ್ಟಿಸುತ್ತದೆ ಎಂಬ ನಂಬಿಕೆ. ಉತ್ತರ ಭಾರತದಲ್ಲಿ ಒಂದು ಜನಪದ ಪದ್ಯವಿದೆ. ಅದರಲ್ಲಿ ನಮ್ಮ ಮಾತನ್ನು ರಾಮನಿಗೆ ತಲುಪಿಸು ಎಂದು ನೀಲಕಂಠವನ್ನು ಕೇಳಿಕೊಳ್ಳುತ್ತಾರೆ. ಅಂತೂ ಹಕ್ಕಿಗೆ ದೇವರ ಹತ್ತಿರ ಹೋಗಿ ಬರುವ ಕೆಲಸ ಸಿಕ್ಕಿತು. ಹೆಸರು ದೇವರಿಂದ ಹಕ್ಕಿಗೆ ಬಂತು ಎಂದೇ ನಾನು ನಂಬುತ್ತೇನೆ. ಹಕ್ಕಿಯ ಗಂಟಲು ನೋಡಿ ಇಟ್ಟ ಹೆಸರಾಗಿದ್ದರೆ ಅದು ಹೀಗಿರುತ್ತಿರಲಿಲ್ಲ.

ಕೆಲವರು ಇನ್ನೊಂದು ಕಾರಣ ಕೊಡುತ್ತಾರೆ. ಈ ಹಕ್ಕಿ ಚೇಳು ತಿನ್ನುತ್ತದೆ, ವಿಷ ಅರಗಿಸಿಕೊಳ್ಳುತ್ತದೆ, ಅದಕ್ಕೇ ನೀಲಕಂಠ ಎಂದು. ಚೇಳು ತಿನ್ನುವುದು ನಿಜ. ಮಿಡತೆ, ಜೀರುಂಡೆ, ಕಪ್ಪೆಮರಿ, ಸಣ್ಣ ಹಲ್ಲಿ ಎಲ್ಲವನ್ನೂ ತಿನ್ನುತ್ತದೆ. ಆದರೆ ಇದರಲ್ಲಿ ಪವಾಡವಿಲ್ಲ. ಕೊಕ್ಕಿನಲ್ಲಿ ಹಿಡಿದು, ಕೊಂಬೆಗೋ ನೆಲಕ್ಕೋ ಬಡಿದು, ಸಾಯಿಸಿ ನುಂಗುತ್ತದೆ. ಕಳ್ಳಿಪೀರ, ಮಿಂಚುಳ್ಳಿ ಕೂಡ ಹಿಡಿದ ಬೇಟೆಯನ್ನು ಹೀಗೇ ಬಡಿಯುತ್ತವೆ. ಅವೆಲ್ಲ ಇದರ ನೆಂಟರು.

ಇನ್ನೊಂದು ಹಕ್ಕಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರಾದರೂ ನಿಮ್ಮನ್ನು ಕೇಳಬಹುದು. ಇದರ ಹತ್ತಿರದ ಬಂಧು ಯುರೋಪಿಯನ್ ರೋಲರ್‌ಗೆ ತಲೆ, ಗಂಟಲು, ಹೊಟ್ಟೆ ಎಲ್ಲವೂ ನೀಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಗುಜರಾತ್, ರಾಜಸ್ಥಾನದ ಮೇಲೆ ಹಾದು ಆಫ್ರಿಕಾಕ್ಕೆ ಹೋಗುತ್ತದೆ. ಹೆಸರು ಮೊದಲು ಅದಕ್ಕಿತ್ತೇನೋ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಆ ವಾದ ಹಿಡಿಸುವುದಿಲ್ಲ. ಜನ ಹೆಸರಿಡುವುದು, ಹಬ್ಬಕ್ಕೆ ಕಾಯುವುದು ದಿನಾ ಕಣ್ಣಿಗೆ ಬೀಳುವ ಹಕ್ಕಿಗೆ. ದೇಶದ ಒಂದು ಮೂಲೆಯಲ್ಲಿ ಕೆಲವು ವಾರ ಹಾದುಹೋಗುವ ಅತಿಥಿಗಲ್ಲ.

ಇನ್ನು ನಿಮ್ಮ ಪುಸ್ತಕದ ‘ಬ್ಲೂ ಜೇ’. ಇದರ ಹಿಂದೆ ಸುಮಾರು 300 ವರ್ಷದ ಕತೆ ಇದೆ. ಇಂಗ್ಲೆಂಡಿನ ಎಲಿಯೇಜರ್ ಆಲ್ಬಿನ್ ಎಂಬ ಚಿತ್ರಕಾರ 1738ರಲ್ಲಿ ಸತ್ತ ಹಕ್ಕಿಯೊಂದನ್ನು ನೋಡಿ ಚಿತ್ರ ಬರೆದು, ‘ಬಂಗಾಳದ ಜೇ’ ಎಂದು ಹೆಸರಿಟ್ಟ. ಜೇ ಅನ್ನುವುದು ಯುರೋಪಿನಲ್ಲಿ ಕಾಗೆ ಜಾತಿಗೆ ಸೇರಿದ ಒಂದು ಹಕ್ಕಿ. ಅದರ ರೆಕ್ಕೆಯಲ್ಲೂ ಒಂದಿಷ್ಟು ನೀಲಿ ಇದೆ. ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಆ ಚಿತ್ರವನ್ನು ಆಧಾರ ಮಾಡಿಕೊಂಡು ವೈಜ್ಞಾನಿಕ ಹೆಸರು ಕೊಟ್ಟ: ಕಾರ್ವಸ್ ಬೆಂಗಾಲೆನ್ಸಿಸ್. ಕಾರ್ವಸ್ ಅಂದರೆ ಕಾಗೆಯ ಕುಲ. ಆಮೇಲೆ ಇದು ಕಾಗೆಯ ಕುಲವಲ್ಲ ಎಂದು ಗೊತ್ತಾಗಿ ಕೊರೇಶಿಯಸ್ ಕುಲಕ್ಕೆ ಸೇರಿಸಿದರು. ಈಗಿನ ಹೆಸರು ಕೊರೇಶಿಯಸ್ ಬೆಂಗಾಲೆನ್ಸಿಸ್. ಕೊರೇಶಿಯಸ್ ಕೂಡ ಗ್ರೀಕ್ ಭಾಷೆಯ ಕಾಗೆಯ ಪದದಿಂದಲೇ ಹುಟ್ಟಿದ್ದು, ಹಾಗಾಗಿ ಕಾಗೆಯ ನೆರಳು ಹೆಸರಿನಿಂದ ಪೂರ್ತಿ ಹೋಗಿಲ್ಲ. ಬಂಗಾಳವೂ ಹಾಗೇ ಉಳಿಯಿತು. ಹಕ್ಕಿ ಮಾತ್ರ ಬಂಗಾಳಕ್ಕಷ್ಟೇ ಸೇರಿದ್ದಲ್ಲ. ಇರಾಕ್‌ನಿಂದ ಶ್ರೀಲಂಕಾದವರೆಗೆ ಇದೆ.

ಇಲ್ಲಿದ್ದ ಬ್ರಿಟಿಷರು ಬ್ಲೂ ಜೇ ಅಂತಲೇ ಕರೆಯುತ್ತಿದ್ದರು. ಶಾಲಾ ಪುಸ್ತಕಕ್ಕೆ ಅದು ಅಲ್ಲಿಂದ ಬಂತು. ಇವತ್ತು ಬ್ಲೂ ಜೇ ಅಂದರೆ ಉತ್ತರ ಅಮೆರಿಕದ ಜುಟ್ಟಿರುವ ಬೇರೆಯೇ ಹಕ್ಕಿ. ನಿಮ್ಮ ಮಕ್ಕಳು ಆ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಆ ಅಮೆರಿಕದ ಹಕ್ಕಿಯೇ ಬರುತ್ತದೆ. ಈಗಿನ ಇಂಗ್ಲಿಷ್ ಹೆಸರು ಇಂಡಿಯನ್ ರೋಲರ್. ಇದು ಹಾರಾಟದಿಂದ ಬಂದದ್ದು. ಬೇಸಿಗೆಯಲ್ಲಿ ಗಂಡು ಹಕ್ಕಿ ಮೇಲಕ್ಕೆ ಏರಿ, ತಲೆಕೆಳಗಾಗಿ ಇಳಿಯುತ್ತಾ, ಆ ಕಡೆ ಈ ಕಡೆ ಉರುಳಾಡಿ ಕಿರುಚುತ್ತದೆ. ಹೆಣ್ಣನ್ನು ಒಲಿಸಿಕೊಳ್ಳುವ ಆಟ ಅದು. ಒಂದು ಸಲ ನೋಡಿದರೆ ಆ ಹೆಸರು ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ತೆಲುಗಿನ ಹೆಸರನ್ನು ನಿಮ್ಮ ಅತ್ತೆಯವರೇ ಹೇಳುತ್ತಾರೆ: ಪಾಲಪಿಟ್ಟ. ಅಂದರೆ ಹಾಲಿನ ಹಕ್ಕಿ. ಹಸು ಹಾಲು ಕಡಿಮೆ ಕೊಟ್ಟರೆ ಇದರ ಗರಿಯನ್ನು ಹೆಚ್ಚಿ ಹುಲ್ಲಿನಲ್ಲಿ ಬೆರೆಸಿ ತಿನ್ನಿಸಿದರೆ ಹಾಲು ಜಾಸ್ತಿಯಾಗುತ್ತದೆ ಎಂಬ ಹಳೆಯ ನಂಬಿಕೆಯಿಂದ ಆ ಹೆಸರು. ಗರಿಗೂ ಕೆಚ್ಚಲಿಗೂ ಯಾವ ಸಂಬಂಧವೂ ಇಲ್ಲ. ಆದರೆ ಗರಿ ಬೇಕು ಅಂದರೆ ಹಕ್ಕಿಯನ್ನು ಹಿಡಿಯಬೇಕಲ್ಲ. ನನ್ನನ್ನು ಕಾಡುವುದು ಇದೇ. ಹಾಲಿನ ಹೆಸರು ಕೊಟ್ಟೆವು, ಗರಿ ಕಿತ್ತೆವು. ಶಿವನ ಹೆಸರು ಕೊಟ್ಟೆವು, ಪಂಜರಕ್ಕೆ ಹಾಕಿದೆವು. ಈ ಹಕ್ಕಿ ತನ್ನ ಹೆಸರುಗಳಿಗಾಗಿ ಪಟ್ಟ ಕಷ್ಟ ದೊಡ್ಡದು.

ಚಾರ್ಟ್ ವಿಷಯಕ್ಕೆ ಬಂದರೆ, ಬ್ಲೂ ಜೇ ಖಂಡಿತ ಬೇಡ. ಕತ್ತು ನೀಲಿ ಇಲ್ಲ ಅಂತ ಹೊಸ ಹೆಸರು ಕಟ್ಟಲೂ ಹೋಗಬೇಡಿ. ‘ನೀಲಿರೆಕ್ಕೆ’ ಅಂತ ಬರೆದರೆ ಬಣ್ಣಕ್ಕೆ ಸರಿಹೋಗುತ್ತದೆ ನಿಜ. ಆದರೆ ಮನೆಯಲ್ಲಿ ಅಜ್ಜಿಗೂ ಗೊತ್ತಾಗುವುದಿಲ್ಲ, ಪರೀಕ್ಷೆಯಲ್ಲೂ ಬರುವುದಿಲ್ಲ. ಬಳಕೆಯಲ್ಲಿರುವ ಹೆಸರನ್ನು ಸುಮ್ನೆ ಬದಲಾಯಿಸಿದರೆ ಅದರ ಹಿಂದಿನ ಕತೆಯೂ ಹೋಗುತ್ತದೆ. ನೀಲಕಂಠ ಎಂದೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದರ ಕೆಳಗೆ ಇಂಡಿಯನ್ ರೋಲರ್ ಇರಲಿ. ಜಾಗ ಇದ್ದರೆ ಚಾಷ, ಪಾಲಪಿಟ್ಟ ಕೂಡ. ಬೀದರಿನ ಮಕ್ಕಳಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರೂ ಇರುತ್ತಾರೆ, ಅವರಿಗೆ ಖುಷಿಯಾಗುತ್ತದೆ.

ನೀಲಕಂಠ ಅಂತಷ್ಟೇ ಬರೆದು ಬಿಟ್ಟರೆ ಒಂದು ಅಪಾಯವಿದೆ. ಮಕ್ಕಳು ನೀಲಿ ಕೊರಳು ಹುಡುಕುತ್ತಾರೆ, ಸಿಗುವುದಿಲ್ಲ, ಆಮೇಲೆ ಕಣ್ಣಿಗೆ ಬಿದ್ದ ಮೊದಲ ನೀಲಿ ಹಕ್ಕಿಗೆ ಆ ಹೆಸರು ಅಂಟಿಸುತ್ತಾರೆ. ಸಾಮಾನ್ಯವಾಗಿ ಅದು ಬಿಳಿ ಗಂಟಲಿನ ಮಿಂಚುಳ್ಳಿ ಆಗಿರುತ್ತದೆ. ಎಷ್ಟೋ ಚಾರ್ಟ್‌ಗಳಲ್ಲಿ ರಾಜ್ಯಪಕ್ಷಿ ಎಂದು ಮಿಂಚುಳ್ಳಿಯ ಫೋಟೋ ಹಾಕಿರುವುದನ್ನು ನಾನು ಕಂಡಿದ್ದೇನೆ. ಮಿಂಚುಳ್ಳಿಯ ಕೊಕ್ಕು ಉದ್ದ ಮತ್ತು ಕೆಂಪು, ಎದೆ ಅಚ್ಚ ಬಿಳಿ. ನೀಲಕಂಠದ ಕೊಕ್ಕು ಕಪ್ಪು, ಎದೆ ಕಂದು. ಕೊಕ್ಕು ನೋಡಿದರೆ ಸಾಕು, ಗುರುತು ತಪ್ಪುವುದಿಲ್ಲ. ಚಳಿಗಾಲದಲ್ಲಿ ಕೆರೆ ಅಂಚಿಗೆ ಬರುವ ಬ್ಲೂಥ್ರೋಟ್ ಎಂಬ ಪುಟ್ಟ ಹಕ್ಕಿಯೂ ಇದೆ. ಅದರ ಹೆಸರನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ನೀಲಕಂಠವೇ ಆಗುತ್ತದೆ. ಗಂಡಿಗೆ ಗಂಟಲು ನಿಜಕ್ಕೂ ನೀಲಿ. ಆದರೆ ಗುಬ್ಬಿಯಷ್ಟು ಗಾತ್ರ, ಯಾರೂ ಎರಡನ್ನೂ ಕಣ್ಣಿಂದ ನೋಡಿ ಗೊಂದಲ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಚಾರ್ಟ್‌ನಲ್ಲಿ ಎರಡು ಚಿತ್ರ ಹಾಕಿ. ಒಂದು ಕೂತಿರುವುದು, ಒಂದು ರೆಕ್ಕೆ ಬಿಚ್ಚಿರುವುದು. ಗಂಟಲಿಗೆ ಕಂದು ಬಣ್ಣವನ್ನೇ ಹಚ್ಚಿಸಿ. ಹೆಸರಿಗೆ ಹೊಂದಲಿ ಅಂತ ನೀಲಿ ಬಳಿಸಬೇಡಿ. ಗರಿ ಸಿಕ್ಕಿದರೆ ಅಂಟಿಸೋಣ ಅಂತ ಮಕ್ಕಳು ಕೇಳಬಹುದು. ಅದೂ ಬೇಡ. ಕಾಡುಹಕ್ಕಿಯ ಗರಿ ಇಟ್ಟುಕೊಳ್ಳುವುದಕ್ಕೂ ಕಾನೂನು ತೊಡಕಿದೆ.

ಈಗ ನಿಮ್ಮ ಕಷ್ಟದ ಪ್ರಶ್ನೆ. ಪಂಜರದಲ್ಲಿ ಬರುವ ಹಕ್ಕಿ ಸಾಕಿದ್ದಲ್ಲ. ದಸರಾಕ್ಕೆ ಮುಂಚೆ ಹೊಲದಲ್ಲಿ ಬಲೆ ಹಾಕಿಯೋ ಅಂಟು ಹಚ್ಚಿಯೋ ಹಿಡಿದದ್ದು. ಹಾರದಿರಲಿ ಎಂದು ಕಾಲು ಕಟ್ಟುತ್ತಾರೆ, ರೆಕ್ಕೆ ಕಟ್ಟುತ್ತಾರೆ ಇಲ್ಲವೇ ಗರಿ ಕತ್ತರಿಸುತ್ತಾರೆ. ಜೀವಂತ ಹುಳ ಹಿಡಿದು ತಿನ್ನುವ ಹಕ್ಕಿಗೆ ಅಕ್ಕಿ, ಕಾಳು ಹಾಕಿದರೆ ಅದು ತಿನ್ನುವುದಿಲ್ಲ. ಮನೆಯಿಂದ ಮನೆಗೆ ಸುತ್ತುವಾಗ ನೀರೂ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಬಂಗಾಳದ ದೊಡ್ಡ ಮನೆಗಳೂ ಈ ಕಾನೂನಿನಿಂದಲೇ ಜೀವಂತ ಹಕ್ಕಿ ಬಿಡುವುದನ್ನು ನಿಲ್ಲಿಸಿದವು. ಕೊಲ್ಕತ್ತಾದ ಶೋಭಾಬಜಾರ್ ರಾಜಬಾಡಿ ಎಂಬ ಹಳೆಯ ಅರಮನೆಯಲ್ಲಿ ಈಗ ಮಣ್ಣಿನ ಹಕ್ಕಿ ಬಳಸುತ್ತಾರೆ. ಪೂಜೆಗೆ ಏನೂ ಕಡಿಮೆಯಾಗಲಿಲ್ಲ.

ನಿಮ್ಮ ಮುಂದೆ ಕೆಲವು ದಾರಿಗಳಿವೆ. ಹತ್ತಿಪ್ಪತ್ತು ರೂಪಾಯಿ ಕೊಟ್ಟು ನೋಡಿ ಕಳಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಮುಂದಿನ ವರ್ಷ ಹಕ್ಕಿ ಹಿಡಿಯಲು ಆ ದುಡ್ಡೇ ಕಾರಣವಾಗುತ್ತದೆ. ಎರಡನೆಯದು, ಪಾಪ ಅನ್ನಿಸಿ ಕೊಂಡುಕೊಂಡು ಬಿಟ್ಟುಬಿಡುವುದು. ಒಳ್ಳೆಯ ಮನಸ್ಸಿನವರು ಮಾಡುವುದೇ ಇದನ್ನು, ಇದರಿಂದ ಕೆಡುಕೇ ಜಾಸ್ತಿ. ಮಾರುವವನಿಗೆ ನೋಡಿ ಹೋಗುವವರಿಗಿಂತ ಕೊಳ್ಳುವವರೇ ಲಾಭ. ಅವನು ಇನ್ನೊಂದನ್ನು ಹಿಡಿಯುತ್ತಾನೆ. ಕೊಂಡ ನೀವೂ ಕಾನೂನಿನ ಕಣ್ಣಿಗೆ ಬೀಳುತ್ತೀರಿ. ಗರಿ ಕತ್ತರಿಸಿದ ಹಕ್ಕಿಯನ್ನು ಅಂಗಳದಲ್ಲಿ ಬಿಟ್ಟರೆ ಅದು ಹಾರಲಾರದೆ ನಾಯಿಗೋ ಬೆಕ್ಕಿಗೋ ಸಿಗುತ್ತದೆ. ಕತ್ತರಿಸಿದ ಗರಿ ಉದುರಿ ಹೊಸದು ಬರಲು ತಿಂಗಳುಗಳೇ ಬೇಕು.

ಮೂರನೆಯದು, ಅರಣ್ಯ ಇಲಾಖೆಗೆ ತಿಳಿಸುವುದು. ಹಬ್ಬದ ದಿನ ಫೋನ್ ಹುಡುಕುತ್ತಾ ಕೂರಬೇಡಿ. ಒಂದು ವಾರ ಮುಂಚೆಯೇ ನಿಮ್ಮ ವಲಯ ಅರಣ್ಯ ಅಧಿಕಾರಿ ಕಚೇರಿಯ ನಂಬರ್ ತೆಗೆದಿಟ್ಟುಕೊಳ್ಳಿ. ನಿಮ್ಮೂರಿಗೆ ಹೀಗೆ ಹಕ್ಕಿ ತರುತ್ತಾರೆ ಎಂದು ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು. ಅವನು ಬಂದಾಗ ಜಗಳಕ್ಕೆ ಇಳಿಯಬೇಡಿ, ಪಂಜರ ಕಿತ್ತುಕೊಳ್ಳಬೇಡಿ. ಎಳೆದಾಟದಲ್ಲಿ ಹಕ್ಕಿಗೇ ಪೆಟ್ಟಾಗುತ್ತದೆ, ನಿಮಗೂ ಆಗಬಹುದು. ಹಕ್ಕಿ ಹೊತ್ತು ತರುವವನು ಬಹುಪಾಲು ಬಡವನೇ ಆಗಿರುತ್ತಾನೆ. ದುಡ್ಡಿನ ಆಸೆಯಿಂದ ಬಂದವನು ದುಡ್ಡು ಸಿಗದ ಬೀದಿಗೆ ಮತ್ತೆ ಬರುವುದಿಲ್ಲ. ಎಷ್ಟು ಮನೆಗಳು ನೋಡೋದಿಲ್ಲ ಅನ್ನುತ್ತವೋ ಅಷ್ಟು ಹಕ್ಕಿ ಉಳಿಯುತ್ತವೆ.

ಇದು ಬರೀ ಪಂಜರದ ಮಾತಲ್ಲ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯಲ್ಲಿ ನೀಲಕಂಠದ ಸಂಖ್ಯೆ ಶೇಕಡಾ 30 ಅಥವಾ ಅದಕ್ಕಿಂತ ಜಾಸ್ತಿ ಇಳಿದಿದೆ ಎಂದಿದೆ. ಇದರ ಅಳಿವಿನ ಅಪಾಯವನ್ನು ಮತ್ತೆ ಅಳೆದು ನೋಡಬೇಕು ಎಂದೂ ಅದು ಸೂಚಿಸಿದೆ. ಬಯಲು ನಾಡಿನ ಮಾಮೂಲಿ ಹಕ್ಕಿ ಅಂತ ನಾವು ಅಂದುಕೊಂಡಿದ್ದು ಹೀಗೆ ಕಡಿಮೆಯಾಗುತ್ತಿದೆ. ಇದು ಹುಳ ತಿಂದು ಬದುಕುವ ಹಕ್ಕಿ. ಹೊಲಕ್ಕೆ ಔಷಧಿ ಹೊಡೆದು ಹುಳ ಸತ್ತರೆ ಊಟವಿಲ್ಲ. ಬದುವಿನ ಹಳೇ ಮರ ಕಡಿದರೆ ಪೊಟರೆ ಇಲ್ಲ, ಪೊಟರೆ ಇಲ್ಲದಿದ್ದರೆ ಗೂಡಿಲ್ಲ.

ಅತ್ತೆಯವರ ನಂಬಿಕೆಯನ್ನು ಅಲ್ಲಗಳೆಯಬೇಡಿ. ವಾದ ಮಾಡಿದರೆ ಅವರಿಗೆ ನೋವಾಗುತ್ತದೆ, ಹಕ್ಕಿಗೆ ಏನೂ ಸಿಗುವುದಿಲ್ಲ. ತೆಲಂಗಾಣದಲ್ಲಿ ದಸರಾ ದಿನ ಜನ ಊರ ಹೊರಗೆ ಹೋಗಿ ಪಾಲಪಿಟ್ಟ ನೋಡಿ, ಬನ್ನಿ ಮರಕ್ಕೆ ಪೂಜೆ ಮಾಡಿ ಬರುತ್ತಾರೆ. ಹಕ್ಕಿ ಇರುವಲ್ಲಿಗೆ ಜನ ಹೋಗುವುದು ಹಳೆಯ ಪದ್ಧತಿ. ಜನ ಇರುವಲ್ಲಿಗೆ ಹಕ್ಕಿ ತರುವುದು ಆಮೇಲೆ ಸೇರಿದ ವ್ಯಾಪಾರ. ಇದನ್ನು ಅವರಿಗೆ ಹೇಳಿ ನೋಡಿ, ಚಿಕ್ಕಂದಿನಲ್ಲಿ ಹೊಲಕ್ಕೆ ಹೋದದ್ದು ಅವರಿಗೇ ನೆನಪಿರಬಹುದು.

ದಸರಾ ಬೆಳಗ್ಗೆ ಬಿಸಿಲು ಏರುವ ಮುಂಚೆ ಅವರನ್ನು ಶಾಲೆಯ ಹಿಂದಿನ ಹೊಲಕ್ಕೇ ಕರೆದುಕೊಂಡು ಹೋಗಿ. ನೀಲಕಂಠ ಒಂದೇ ಜಾಗ ಹಿಡಿದು ಕೂರುವ ಹಕ್ಕಿ. ದಿನಾ ಕೂರುವ ತಂತಿ, ಕಂಬ ಬಿಟ್ಟು ದೂರ ಹೋಗುವುದು ಕಡಿಮೆ. ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಲ್ಲಿ, ಎದುರಿಗಿದ್ದರೆ ಬಣ್ಣ ಕಾಣದೆ ಕಪ್ಪು ಆಕಾರವಷ್ಟೇ ಕಾಣುತ್ತದೆ. ಕಂಬದ ಬುಡಕ್ಕೆ ಹೋಗಬೇಡಿ, ಕಲ್ಲು ಎಸೆದು ಹಾರಿಸಬೇಡಿ. ಅತ್ತೆಯವರಿಗೆ ನಿಲ್ಲಲು ಕಷ್ಟವಾದರೆ ಒಂದು ಕುರ್ಚಿ ತೆಗೆದುಕೊಂಡು ಹೋಗಿ. ಹುಳ ಕಂಡ ತಕ್ಷಣ ಅದೇ ಇಳಿಯುತ್ತದೆ.